ಬೆಡ್‌ಶೀಟ್ ಒಣಗಿತ್ತಾ?

ಮೊದಲೇ ಹೇಳ್ಬಿಡ್ತೀನಿ, ನಾನು ರೈಟರ್. ಆದ್ರೆ ನೀವು ಅಂದ್ಕೊಂಡ ರೈಟರ್ ಅಲ್ಲ ಮಾರಾಯ್ರೆ, ನಮ್ಮ ಕೊಡಗಲ್ಲಿ ರೈಟರ್ ಅಂದ್ರೆ ತೋಟದಲ್ಲಿ ಹಾಜರಿ ಬರೆಯೋನು, ಬೆಳಿಗ್ಗೆ ಎಷ್ಟು ಆಳು ಬಂದ್ರು, ಯಾರು ಮರಗಸಿಗೆ, ಅಂದ್ರೆ ನೆರಳಿನ ಮರದ ಕೊಂಬೆ ಕಡಿಯೋಕೆ ಹೋದ್ರು, ಯಾರು ಗೊಬ್ಬರಕ್ಕೆ ಹೋದ್ರು, ಯಾರಿಗೆ ಅರ್ಧ ದಿನ, ಅದನ್ನೆಲ್ಲ ಚೆಕ್‌ರೋಲಲ್ಲಿ ಬರ್ದು ವಾರದ ಕೊನೆಗೆ ಸಂಬಳ ಲೆಕ್ಕ ಹಾಕೋ ಕೆಲಸ. 14 ವರ್ಷ ಆಯ್ತು. ಕಥೆಗಿಥೆ ಬರೆಯೋದೆಲ್ಲ ರಾತ್ರಿ ಊಟ ಆದ್ಮೇಲೆ, ಅದಕ್ಕೆ ಹಾಜರಿನೂ ಇಲ್ಲ ಸಂಬಳನೂ ಇಲ್ಲ. ಈಗ ಹೇಳೋಕೆ ಹೊರಟಿದ್ದು ಆ ಕಥೆ ವಿಷ್ಯನೇ, ಬೇರೇದೇ ಲೋಕ ಕಟ್ಟೋ ಫ್ಯಾಂಟಸಿಗೂ, ನಮ್ಮ ದಿನನಿತ್ಯದ ಲೋಕದಲ್ಲೇ ಅದ್ಭುತ ನಡೆಯೋ ಮ್ಯಾಜಿಕಲ್ ರಿಯಲಿಸಂಗೂ ಏನು ವ್ಯತ್ಯಾಸ ಅಂತ.

ಈ ಸಲ ಆಟಿ 18ಕ್ಕೆ ಅಕ್ಕನ ಮಗ ಮೈಸೂರಿಂದ ಬಂದಿದ್ದ. ಗೊತ್ತಿಲ್ದೋರಿಗೆ ಹೇಳ್ತೀನಿ, ಜೋರು ಮಳೆಗಾಲದ ಈ ಆಟಿ ತಿಂಗಳಿಗೆ ಕಕ್ಕಡ ಅಂತಲೂ ಅಂತೀವಿ, ಅದರ 18ನೇ ದಿನ, ಅಂದ್ರೆ ಆಗಸ್ಟ್ 3ರ ಹೊತ್ತಿಗೆ, ಮದ್ದು ಸೊಪ್ಪು ಅನ್ನೋ ಗಿಡದಲ್ಲಿ 18 ಥರದ ಔಷಧಿ ಸೇರ್ಕೊಂಡಿರುತ್ತೆ ಅಂತ ನಮ್ಮ ಕಡೆ ನಂಬಿಕೆ. ಅದನ್ನ ಬೇಯ್ಸಿ ರಸ ತೆಗ್ದು ಪಾಯಸ ಮಾಡ್ತೀವಿ, ಪಾಯಸ ನೇರಳೆ ಬಣ್ಣಕ್ಕೆ ತಿರುಗುತ್ತೆ, ಮಾರನೇ ದಿನ ಉಚ್ಚೆ ಕೆಂಪಗೆ ಹೋಗುತ್ತೆ. ಹೊಸಬ್ರು ಹೆದರಿ ಡಾಕ್ಟರ್ ಹತ್ರ ಓಡ್ತಾರೆ, ನಾವು ಮೈಗೆ ಮದ್ದು ಹತ್ತಿದೆ ಅಂತ ಖುಷಿ ಪಡ್ತೀವಿ.

ಹುಡುಗ ಇಂಜಿನಿಯರಿಂಗ್ ಓದ್ತಾ ಇದಾನೆ ಅಂತ ಹೆಸರಿಗೆ, ಓದೋದು ಪೂರಾ ಫ್ಯಾಂಟಸಿ ಕಾದಂಬರಿ. ಈಗ ಅವನೇ ಒಂದು ಬರೀತಾ ಇದಾನೆ. ಐದು ರಾಜ್ಯ, ಎರಡು ಸಮುದ್ರ, ಕೈಯಲ್ಲೇ ಬಿಡಿಸಿದ ಮ್ಯಾಪು, ಮಂತ್ರದ್ದೆಲ್ಲ ಒಂದು ಎಕ್ಸೆಲ್ ಶೀಟು. ಸಿಡಿಲು ಬೀಳ್ಸಿದ್ರೆ ಮೂರು ದಿನ ನಿದ್ದೆ ಬರಲ್ಲ, ಬೆಂಕಿ ಕರೆದ್ರೆ ಮೈಯಲ್ಲಿ ಉಪ್ಪು ಕಮ್ಮಿ ಆಗುತ್ತೆ, ಸತ್ತೋರನ್ನ ಕರೆಯೋ ಹಾಗೇ ಇಲ್ಲ, ಹೀಗೆ ಒಂದೊಂದು ಮಂತ್ರಕ್ಕೂ ಒಂದೊಂದು ಖರ್ಚು. ನನ್ನ ಚೆಕ್‌ರೋಲ್ ಕೂಡ ಅಷ್ಟು ಕ್ಲೀನಾಗಿಲ್ಲ. ಅವನು ಬಂದ ದಿನವೇ ಸಿಲ್ವರ್ ಓಕ್ ಮರ ಒಂದು ಕರೆಂಟ್ ಲೈನ್ ಮೇಲೆ ಬಿದ್ದು ಮೂರು ದಿನ ಕರೆಂಟ್ ಇಲ್ಲ, ನೆಟ್‌ವರ್ಕ್ ಇಲ್ಲ, ಲ್ಯಾಪ್‌ಟಾಪ್ ಸತ್ತೋಯ್ತು, ಹೊತ್ತು ಹೋಗ್ದೆ ನನ್ನ ಹಳೇ ನೋಟ್‌ಬುಕ್ ಎತ್ಕೊಂಡು ಟಾರ್ಚ್ ಬೆಳಕಲ್ಲಿ ನನ್ನದೊಂದು ಕಥೆ ಓದ್ಬಿಟ್ಟ. ಓದಿ, "ಮಾವ, ಒಳ್ಳೆ ಫ್ಯಾಂಟಸಿ" ಅಂದ.

ನಂಗೆ ಉರೀತು. ನಾನು ಬರ್ದಿದ್ದು ಮ್ಯಾಜಿಕಲ್ ರಿಯಲಿಸಂ ಅಂತ ನಾನೇ ನನಗೆ ಹೇಳ್ಕೊಂಡು ಎರಡು ವರ್ಷ ಆಗಿತ್ತು. ಅವನಿಗೆ ವ್ಯತ್ಯಾಸ ಹೇಳೋಕೆ ಹೋದೆ, ಹೇಳೋಕೆ ಹೋದಾಗ್ಲೇ ನಂಗೂ ಸರಿಯಾಗಿ ಗೊತ್ತಿಲ್ಲ ಅಂತ ಗೊತ್ತಾಗಿದ್ದು.

ಎಲ್ರೂ ಹೇಳೋ ಉತ್ತರ ಒಂದಿದೆಯಲ್ಲ, ಮ್ಯಾಜಿಕ್ ಜಾಸ್ತಿ ಇದ್ರೆ ಫ್ಯಾಂಟಸಿ, ಸಾರಿಗೆ ಉಪ್ಪಿನ ಥರ ಚೂರು ಇದ್ರೆ ಮ್ಯಾಜಿಕಲ್ ರಿಯಲಿಸಂ, ನಾನೂ ಅದನ್ನೇ ಹೇಳ್ದೆ. ಹುಡುಗ ಒಂದೇ ಏಟಿಗೆ ಬೀಳಿಸ್ದ. ಕೊಲಂಬಿಯಾದ ಲೇಖಕ ಮಾರ್ಕ್ವೆಜ್ ಕಾದಂಬರಿಲಿ 4 ವರ್ಷ 11 ತಿಂಗಳು 2 ದಿನ ಮಳೆ ಸುರಿಯುತ್ತಲ್ಲ ಅದು ಚೂರಾ ಅಂತ ಕೇಳ್ದ. (ನಮ್ಮೂರೋರಿಗೆ ಆ ಭಾಗ ಓದಿದ್ರೆ ಆಶ್ಚರ್ಯ ಆಗಲ್ಲ, 2 ದಿನ ಅಂತ ಕರೆಕ್ಟಾಗಿ ನಿಂತಿತಲ್ಲ, ಪುಣ್ಯವಂತರು ಅನ್ಸುತ್ತೆ ಅಷ್ಟೇ.) ಆಮೇಲೆ ಜೀನ್ ವುಲ್ಫ್ ಅನ್ನೋ ಅಮೆರಿಕದ ಫ್ಯಾಂಟಸಿ ಲೇಖಕ ಹೇಳಿದ ಜೋಕು ಬೇರೆ ಹೇಳ್ದ, ಸ್ಪ್ಯಾನಿಷ್ ಮಾತಾಡೋರು ಬರ್ದ ಫ್ಯಾಂಟಸಿಗೇ ಮ್ಯಾಜಿಕ್ ರಿಯಲಿಸಂ ಅನ್ನೋದಂತೆ. ನಗು ಬಂತು ನಿಜ, ಆದ್ರೆ ಜೋಕಲ್ಲಿ ಒಂದು ಸಿಟ್ಟೂ ಇದೆ. ದೊಡ್ಡ ಸಾಹಿತ್ಯ ಅನ್ಸ್ಕೊಂಡೋರು ದೆವ್ವ ತಂದ್ರೆ ಪ್ರಶಸ್ತಿ, ನಾವು ತಂದ್ರೆ ಮಕ್ಕಳ ಪುಸ್ತಕದ ಕಪಾಟಿಗೆ ಹಾಕ್ತಾರೆ ಅನ್ನೋ ಸಿಟ್ಟು. ಅದು ನ್ಯಾಯವಾದ ಸಿಟ್ಟೇ ಅಂತ ನನ್ನ ಅಭಿಪ್ರಾಯ.

ಯಾಕಂದ್ರೆ ಫ್ಯಾಂಟಸಿ ಸುಲಭದ ಕೆಲಸ ಅಂತ ನಾನು ಹೇಳಲ್ಲ. ಲಾರ್ಡ್ ಆಫ್ ದ ರಿಂಗ್ಸ್ ಬರೆದ ಟೋಲ್ಕಿನ್ 1939ರಲ್ಲಿ ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ಯೂನಿವರ್ಸಿಟಿಲಿ ಅದ್ಭುತ ಕಥೆಗಳ ಬಗ್ಗೆ ಒಂದು ಉಪನ್ಯಾಸ ಕೊಟ್ಟಿದ್ದ, ಆಮೇಲೆ ಅದು ಪ್ರಬಂಧ ಆಯ್ತು, ಅದರಲ್ಲಿ ಹಸಿರು ಸೂರ್ಯ ಅಂತ ಒಂದು ಮಾತು ಬರುತ್ತೆ. ಹಸಿರು ಸೂರ್ಯ ಅಂತ ಬಾಯಲ್ಲಿ ಯಾರು ಬೇಕಾದ್ರೂ ಹೇಳ್ಬೋದು, ಆದ್ರೆ ಹಸಿರು ಸೂರ್ಯ ಇದ್ರೆ ಸರಿ ಅನ್ನಿಸೋ ಅಂಥ ಒಂದು ಲೋಕನ ಕಟ್ಟಿ ನಿಲ್ಸೋದಿದೆಯಲ್ಲ ಅದಕ್ಕೆ ಬೆವರು ಹರೀಬೇಕು ಅನ್ನೋದು ಅವನ ಅರ್ಥ. ಆ ಸೂರ್ಯನ ಕೆಳಗೆ ಹುಲ್ಲು ಯಾವ ಬಣ್ಣ, ಜನ ಯಾವ ಹಾಡು ಹೇಳ್ತಾರೆ, ನೆರಳು ಹೇಗೆ ಬೀಳುತ್ತೆ, ಎಲ್ಲ ಒಂದಕ್ಕೊಂದು ಹೊಂದ್ಬೇಕು. ಅಮೆರಿಕದ ಲೇಖಕಿ ಉರ್ಸುಲಾ ಲೆಗ್ವಿನ್ 1968ರಲ್ಲಿ ಅರ್ತ್‌ಸೀ ಅನ್ನೋ ದ್ವೀಪಗಳ ಲೋಕದ ಮೊದಲ ಕಾದಂಬರಿ ಬರೆದ್ಲು, ಅಲ್ಲಿ ಒಂದು ವಸ್ತುವಿನ ನಿಜವಾದ ಹೆಸರು ಗೊತ್ತಿದ್ರೆ ಮಾತ್ರ ಅದರ ಮೇಲೆ ಹಿಡಿತ, ಗಾಳಿನ ಒಂದು ಕಡೆ ತಿರುಗ್ಸಿದ್ರೆ ಇನ್ನೆಲ್ಲೋ ಏರುಪೇರು ಆಗುತ್ತೆ. ರೂಲ್ಸು ಇದೆ, ಬೆಲೆ ಇದೆ. ಓದೋನು ಆ ರೂಲ್ಸ್ ಕಲೀತಾ ಕಲೀತಾ ಆ ಲೋಕದ ಪ್ರಜೆ ಆಗ್ತಾನೆ, ಅದೇ ಅದರ ಸುಖ.

ಈ ಲೆಕ್ಕದಲ್ಲಿ ನೋಡಿದ್ರೆ ನಮ್ಮ ಪುರಾಣಗಳು ಮ್ಯಾಜಿಕಲ್ ರಿಯಲಿಸಂ ಅಲ್ವೇ ಅಲ್ಲ ಅಂತ ನಂಗೆ ಆವತ್ತು ಹೊಳೀತು. ಹಿರಣ್ಯಕಶಿಪು ವರ ನೆನಪು ಮಾಡ್ಕೊಳ್ಳಿ. ಒಳಗೂ ಅಲ್ಲ ಹೊರಗೂ ಅಲ್ಲ, ಹಗಲೂ ಅಲ್ಲ ರಾತ್ರಿನೂ ಅಲ್ಲ, ಮನುಷ್ಯನೂ ಅಲ್ಲ ಪ್ರಾಣಿನೂ ಅಲ್ಲ, ಆಯುಧ ಇಲ್ಲ, ನೆಲ ಇಲ್ಲ ಆಕಾಶ ಇಲ್ಲ. ಮೊದಲು ರೂಲ್ಸ್ ಪೂರಾ ಹೇಳಿ, ಆಮೇಲೆ ಹೊಸ್ತಿಲು, ಮುಸ್ಸಂಜೆ, ಉಗುರು, ತೊಡೆ ಅಂತ ಒಂದೊಂದೇ ಸಂದಿ ಹುಡುಕಿ ಕೊಂದ್ರಲ್ಲ, ಇದಕ್ಕಿಂತ ಗಟ್ಟಿ ಎಕ್ಸೆಲ್ ಶೀಟ್ ಬೇಕಾ? ಹುಡುಗಂಗೆ ಇದು ಎಷ್ಟು ಖುಷಿ ಆಯ್ತಂದ್ರೆ ಎರಡನೇ ಲೋಟ ಪಾಯಸ ಕುಡ್ದ, ಬೇಡ ಅಂದ್ರೂ ಕೇಳ್ಲಿಲ್ಲ, ಮಾರನೇ ದಿನ ಬಚ್ಚಲಿಂದ ಕೂಗಿದ್ದು ಬೇರೆ ವಿಷ್ಯ.

ಹಾಗಾದ್ರೆ ಇನ್ನೊಂದು ಯಾವ್ದು ಅಂತ ಅವನು ಕೇಳ್ದಾಗ ನಂಗೆ ವಿವರಿಸೋಕೆ ಬರ್ಲಿಲ್ಲ, ಅದಕ್ಕೆ ಕಥೆನೇ ಹೇಳ್ದೆ. ಅದೇ ಗಾಬ್ರಿಯೆಲ್ ಗಾರ್ಸಿಯಾ ಮಾರ್ಕ್ವೆಜ್ 1967ರಲ್ಲಿ ಪ್ರಕಟಿಸಿದ ನೂರು ವರ್ಷದ ಏಕಾಂತದ ಕಾದಂಬರಿಲಿ ರೆಮೆದಿಯೋಸ್ ಅಂತ ಒಬ್ಳು ಅತಿ ಚೆಲುವೆ ಇದಾಳೆ. ಒಂದು ಮಧ್ಯಾಹ್ನ ಮನೆ ಹೆಂಗಸ್ರು ತೋಟದಲ್ಲಿ ಬೆಡ್‌ಶೀಟ್ ಮಡಚ್ತಾ ಇದಾರೆ, ಇವಳ ಮುಖ ಬಿಳಚ್ಕೊಳ್ಳುತ್ತೆ, ಏನಾಯ್ತು ಅಂತ ಕೇಳೋದ್ರೊಳಗೆ ಸಣ್ಣ ಗಾಳಿ ಬೀಸಿ ಹುಡುಗಿ ಮೇಲಕ್ಕೆ ಏಳ್ತಾಳೆ, ಬೆಡ್‌ಶೀಟ್ ಸಮೇತ, ಕೈ ಬೀಸ್ತಾ ಬೀಸ್ತಾ ಆಕಾಶಕ್ಕೆ ಹೋಗ್ಬಿಡ್ತಾಳೆ. ಅಷ್ಟೇ. ಮತ್ತೆ ಬರಲ್ಲ.

ಅಮ್ಮ ಅಲ್ಲೇ ಮೂಲೇಲಿ ಕೂತು ಬೆಳ್ಳುಳ್ಳಿ ಬಿಡಿಸ್ತಾ ಇದ್ರು. ತಲೆ ಎತ್ತದೆ ಕೇಳಿದ್ರು, "ಬೆಡ್‌ಶೀಟ್ ಒಣಗಿತ್ತಾ?"

"ಮಡಚ್ತಾ ಇದ್ರು ಅಂದ್ಮೇಲೆ ಒಣಗಿರ್ಬೇಕಮ್ಮ."

"ಛೆ, ಒಣಗಿಸಿದ್ದು ದಂಡ ಆಯ್ತಲ್ಲ."

ನೀವು ಕಕ್ಕಡದಲ್ಲಿ ಕೊಡಗಿಗೆ ಬಂದಿಲ್ಲ ಅಂದ್ರೆ ಈ ಮಾತಿನ ತೂಕ ಗೊತ್ತಾಗಲ್ಲ. ನಮ್ಮನೆ ಬೆಡ್‌ಶೀಟ್ ನಾಲ್ಕು ದಿನದಿಂದ ಬಚ್ಚಲ ಒಲೆ ಮೇಲಿನ ಹಗ್ಗದಲ್ಲಿ ನೇತಾಡ್ತಾ ಇತ್ತು, ಇನ್ನೂ ತೇವ, ಜೊತೆಗೆ ಹೊಗೆ ವಾಸನೆ. ಒಣಗಿದ ಬೆಡ್‌ಶೀಟ್ ಅಂದ್ರೆ ಇಲ್ಲಿ ಆಸ್ತಿ. ನಾನು ಬಾಯಿಬಿಟ್ಕೊಂಡು ಕೂತೆ, ಯಾಕಂದ್ರೆ ಆ ಕಾದಂಬರಿಲೂ ಅದೇ ಆಗುತ್ತೆ! ಫೆರ್ನಾಂಡಾ ಅನ್ನೋ ಆ ಮನೆ ಸೊಸೆ, ಹುಡುಗಿ ಆಕಾಶಕ್ಕೆ ಹೋಗಿದ್ದಕ್ಕೆ ಹೊಟ್ಟೆಕಿಚ್ಚು ಪಟ್ಟು, ಆಮೇಲೆ ಎಷ್ಟೋ ದಿನ ದೇವರ ಹತ್ರ ನನ್ನ ಬೆಡ್‌ಶೀಟ್ ವಾಪಸ್ ಕಳ್ಸು ಅಂತ ಬೇಡ್ಕೋತಾಳೆ. ಹೇಗೆ ಹಾರಿದ್ಲು ಅಂತ ಆ ಮನೇಲಿ ಒಬ್ರೂ ಕೇಳಲ್ಲ. ನಮ್ಮ ಹುಡುಗ ಮಾತ್ರ ಕೇಳ್ದ, "ಅವಳಿಗೆ ಆ ಪವರ್ ಎಲ್ಲಿಂದ ಬಂತು? ಬೇರೆಯೋರಿಗೂ ಬರುತ್ತಾ?" ಅಂತ. ಅಮ್ಮಂಗೆ ಆ ಪ್ರಶ್ನೆ ಹೊಳೀಲೇ ಇಲ್ಲ. ವ್ಯತ್ಯಾಸ ಹುಡುಕ್ತಾ ಕೂತಿದ್ದ ನಂಗೆ ಆ ಎರಡು ಪ್ರಶ್ನೆ ಅಕ್ಕಪಕ್ಕ ಸಿಕ್ಬಿಡ್ತು. ಪವರ್ ಎಲ್ಲಿಂದ ಬಂತು ಅಂತ ಕೇಳ್ಬೇಕು ಅನ್ಸಿದ್ರೆ ನೀವು ಫ್ಯಾಂಟಸಿಲಿದೀರಿ. ಬೆಡ್‌ಶೀಟ್ ಕಥೆ ಏನಾಯ್ತು ಅಂತ ಕೇಳ್ಬೇಕು ಅನ್ಸಿದ್ರೆ ಇನ್ನೊಂದರಲ್ಲಿದೀರಿ.

ಮೂರನೇದೂ ಒಂದಿದೆ, ಬೇಗ ಹೇಳಿ ಮುಗಿಸ್ತೀನಿ. ತೊದೊರೋವ್ ಅನ್ನೋ ವಿಮರ್ಶಕ 1970ರಲ್ಲಿ ಹೇಳಿದ್ದು, ಇದು ನಿಜವಾಗ್ಲೂ ದೆವ್ವನೋ ನನ್ನ ಭ್ರಮೆನೋ ಅಂತ ಓದೋನು ಕಡೇ ತನಕ ತೂಗಾಡ್ತಾ ಇರೋ ಕಥೆಗಳದ್ದು. ಭಾಗಮಂಡಲ ರಸ್ತೆಲಿ ರಾತ್ರಿ ಲಿಫ್ಟ್ ಕೇಳಿದ ಹೆಂಗಸಿನ ಕಥೆ ನಮ್ಮ ಕಡೆ ಪ್ರತಿ ಜೀಪ್ ಡ್ರೈವರ್ ಹತ್ರನೂ ಒಂದೊಂದು ಇರುತ್ತಲ್ಲ, ಅದು ಆ ಜಾತಿ. ಅಲ್ಲಿ ಅನುಮಾನವೇ ಬಂಡವಾಳ. ಬೆಡ್‌ಶೀಟ್ ಕಥೇಲಿ ಅನುಮಾನಕ್ಕೆ ಜಾಗನೇ ಇಲ್ಲ.

ಮಾರ್ಕ್ವೆಜ್ ಪತ್ರಕರ್ತ ಆಗಿದ್ದ. 1981ರ ಒಂದು ಸಂದರ್ಶನದಲ್ಲಿ ಹೇಳ್ತಾನೆ, ಆಕಾಶದಲ್ಲಿ ಆನೆ ಹಾರ್ತಾ ಇವೆ ಅಂದ್ರೆ ಜನ ನಂಬಲ್ಲ, ಆಕಾಶದಲ್ಲಿ 425 ಆನೆ ಇವೆ ಅಂದ್ರೆ ಬಹುಶಃ ನಂಬ್ತಾರೆ ಅಂತ. ಅವನ ಅಜ್ಜಿ ಎಂಥಾ ವಿಚಿತ್ರ ಕಥೆ ಹೇಳೋವಾಗ್ಲೂ ಮುಖ ಒಂಚೂರೂ ಬದಲಾಯಿಸ್ತಾ ಇರ್ಲಿಲ್ವಂತೆ, ಆ ಮುಖ ಇಟ್ಕೊಂಡೇ ಬರೀಬೇಕು ಅಂತ ಗೊತ್ತಾದ್ಮೇಲೆ ಕಾದಂಬರಿ ಸಲೀಸಾಯ್ತಂತೆ. ಇದನ್ನ ಹೇಳ್ತಾ ಇದ್ದಾಗ ನಂಗೆ ನಮ್ಮೂರ ವಾಟ್ಸಾಪ್ ಗ್ರೂಪ್ ನೆನಪಾಯ್ತು. ದಿನಾ ಬೆಳಿಗ್ಗೆ ಮೆಸೇಜ್ ಬರುತ್ತೆ, "ಶಾಲೆ ಹಿಂದಿನ ತೋಟದಲ್ಲಿ ಮೂರು ಆನೆ ಉಂಟು, ಒಂದು ಮರಿ, ಹಾಲಿಗೆ ಹೋಗೋರು ಮೇಲಿನ ರಸ್ತೆಲಿ ಹೋಗಿ" ಅಂತ. ಬೆಂಗಳೂರಿನ ಗೆಳೆಯ ಒಬ್ಬಂಗೆ ಈ ಮೆಸೇಜ್ ತೋರ್ಸಿದ್ರೆ ಅವನಿಗೆ ಅದು ಕಾದಂಬರಿ. ನಮಗೆ ಹಾಲು ಎಷ್ಟು ಹೊತ್ತಿಗೆ ಬರುತ್ತೆ ಅನ್ನೋ ವಿಷ್ಯ. ನಂಬರ್ ಇದೆ, ಜಾಗ ಇದೆ, ಮಾಡ್ಬೇಕಾದ ಕೆಲಸ ಇದೆ, ಅಯ್ಯೋ ಅನ್ನೋ ಪದ ಇಲ್ಲ.

ಇದೇ ಚೆಕ್‌ರೋಲ್ ಭಾಷೆ. ರೈಟರ್ ಆದೋನು ಆಶ್ಚರ್ಯ ಚಿಹ್ನೆ ಹಾಕೋ ಹಾಗಿಲ್ಲ. ಮಳೆ ಬಂದ್ರೆ ಮಳೆ, ಆಳು ಬಿದ್ರೆ ಅರ್ಧ ದಿನ. 14 ವರ್ಷ ಹಗಲೆಲ್ಲ ನಾನು ಬರ್ದಿದ್ದು ಸರಿಯಾದ ಧಾಟಿ, ರಾತ್ರಿ ಕಥೆ ಅಂತ ಕೂತಾಗ ಮಾತ್ರ ಧಾಟಿ ಕೆಡಿಸ್ತಾ ಇದ್ದೆ.

ಮ್ಯಾಜಿಕಲ್ ರಿಯಲಿಸಂ ಅನ್ನೋ ಹೆಸರು ಮೊದಲು ಹುಟ್ಟಿದ್ದು ಕಥೆಗಲ್ಲ ಅನ್ನೋದೂ ಮಜಾ ಇದೆ. ಫ್ರಾನ್ಜ್ ರೋ ಅನ್ನೋ ಜರ್ಮನ್ ಕಲಾ ವಿಮರ್ಶಕ 1925ರಲ್ಲಿ ಆ ಕಾಲದ ಹೊಸ ಪೇಂಟಿಂಗ್‌ಗಳ ಬಗ್ಗೆ ಬರ್ದ ಪುಸ್ತಕದಲ್ಲಿ ಬಳಸಿದ್ದು, ದಿನಬಳಕೆ ವಸ್ತುನೇ ಎಷ್ಟು ಸ್ಪಷ್ಟವಾಗಿ ಬರೀತಾರೆ ಅಂದ್ರೆ ನೋಡ್ತಾ ನೋಡ್ತಾ ಅದೇ ವಿಚಿತ್ರ ಅನ್ಸುತ್ತಲ್ಲ, ಅದಕ್ಕೆ. ಅದರ ಹಿಂದಿನ ವರ್ಷ, 1924ರಲ್ಲಿ, ನಮ್ಮ ನಡಿಕೇರಿಯಂಡ ಚಿಣ್ಣಪ್ಪನವರು ಕೊಡವರ ಹಾಡು ಆಚಾರ ಗಾದೆ ಎಲ್ಲ ಸೇರಿಸಿ ಪಟ್ಟೋಲೆ ಪಳಮೆ ಅನ್ನೋ ಪುಸ್ತಕ ತಂದ್ರು. ಅವರಿಗೂ ಇವರಿಗೂ ಸಂಬಂಧ ಏನೂ ಇಲ್ಲ, ಸುಮ್ನೆ ನಂಗೆ ಹೇಳ್ಬೇಕು ಅನ್ನಿಸ್ತು. ರೋ ಬರಹ 1927ರಲ್ಲಿ ಸ್ಪ್ಯಾನಿಷ್‌ಗೆ ಹೋಯ್ತು, ಅಲ್ಲಿಂದ ಹಡಗು ಹತ್ತಿ ಲ್ಯಾಟಿನ್ ಅಮೆರಿಕಕ್ಕೆ.

ಆದ್ರೆ ಅಲ್ಲಿ ಅದಕ್ಕೆ ಜೀವ ಕೊಟ್ಟಿದ್ದು ಕ್ಯೂಬಾದ ಅಲೆಹೊ ಕಾರ್ಪೆಂತಿಯರ್ ಅಂತ ನಂಗನ್ಸುತ್ತೆ. ಅವನು 1943ರಲ್ಲಿ ಹೈಟಿಗೆ ಹೋಗಿ ಬಂದ, 1949ರ ಕಾದಂಬರಿಯ ಮುನ್ನುಡಿಲಿ ಯುರೋಪಿನೋರ ಮೇಲೆ ರೇಗ್ತಾನೆ, ನೀವು ಮೇಜಿನ ಮುಂದೆ ಕೂತು ಅದ್ಭುತ ತಯಾರು ಮಾಡ್ತೀರಿ, ನಮ್ಮಲ್ಲಿ ಅದು ನೆಲದಲ್ಲೇ ಬೆಳೆದಿದೆ ಅನ್ನೋ ಅರ್ಥದಲ್ಲಿ. ಅವನ ಕಾದಂಬರಿಲಿ ಮಕಂದಾಲ್ ಅಂತ ಗುಲಾಮರ ನಾಯಕ ಬರ್ತಾನೆ, ಚರಿತ್ರೇಲಿ ಇದ್ದ ಮನುಷ್ಯನೇ, 1758ರಲ್ಲಿ ಫ್ರೆಂಚರು ಸುಟ್ಟು ಕೊಂದ್ರು. ಸುಡೋವಾಗ ಗುಲಾಮರು ನೋಡ್ತಾರೆ, ಕಟ್ಟು ಬಿಚ್ಕೊಂಡು ಅವನು ಮೇಲಕ್ಕೆ ಹಾರ್ದ, ತಪ್ಪಿಸ್ಕೊಂಡ ಅಂತ ಕೂಗಾಡ್ತಾರೆ. ಆ ಗದ್ದಲದಲ್ಲಿ ಸಿಪಾಯಿಗಳು ಅವನನ್ನ ಹಿಡ್ದು ಬೆಂಕಿಗೆ ನೂಕಿದ್ದು ಕೆಲವೇ ಜನ ನೋಡಿದ್ದು. ಗುಲಾಮರು ಸಂಜೆ ನಗ್ತಾ ವಾಪಸ್ ಹೋಗ್ತಾರೆ. ಎರಡೂ ಆಯ್ತು. ಕಾರ್ಪೆಂತಿಯರ್ ಯಾವ್ದನ್ನೂ ಸುಳ್ಳು ಅನ್ನಲ್ಲ.

ಇದನ್ನ ಓದಿದಾಗ ನಂಗೆ ನರಿ ಮಂಗಲ ನೆನಪಾಗಿತ್ತು. ಕೊಡವ ತಕ್ಕಲ್ಲಿ, ಅಂದ್ರೆ ಕೊಡವ ಭಾಷೇಲಿ, ನರಿ ಅಂದ್ರೆ ಹುಲಿ. ಹಿಂದೆ ಹುಲಿ ಹೊಡೆದೋನಿಗೆ ಆ ಹುಲಿ ಜೊತೆ ಮದುವೆ ಮಾಡಿಸ್ತಾ ಇದ್ರು, ಸತ್ತ ಹುಲಿನ ನೇತು ಹಾಕಿ, ಪಕ್ಕದಲ್ಲಿ ಅವನನ್ನ ಮದುಮಗನ ವೇಷದಲ್ಲಿ ಕೂರ್ಸಿ, ಬಂದೋರೆಲ್ಲ ಅಕ್ಕಿ ಹಾಕಿ ಹರಸಿ ಮುಯ್ಯಿ ಕೊಟ್ಟು ಹೋಗ್ತಾ ಇದ್ರು. 1972ರಲ್ಲಿ ವನ್ಯಜೀವಿ ಕಾಯ್ದೆ ಬಂದ್ಮೇಲೆ ಹುಲಿ ಹೊಡೆಯೋ ಮಾತೇ ಇಲ್ಲ ಬಿಡಿ. ಆದ್ರೆ ಯಾರಾದ್ರೂ ಈ ದೃಶ್ಯ ಕಥೇಲಿ ಬರೆದ್ರೆ ಹೊರಗಿನೋರು ಎಂಥಾ ಕಲ್ಪನೆ ಅಂತಾರೆ, ಒಳಗಿನೋರು ಮುಯ್ಯಿ ಎಷ್ಟು ಬಂತು ಅಂತ ಕೇಳ್ತಾರೆ.

ಕಾವೇರಿ ಕಥೆನೂ ನೋಡಿ, ಒಂದೇ ಕಥೆ ಒಳಗೆ ಎರಡು ಜಾತಿ ಇದೆ. ನನ್ನನ್ನ ಒಬ್ಳನ್ನೇ ಬಿಟ್ಟು ಹೋಗ್ಬಾರ್ದು ಅಂತ ಅಗಸ್ತ್ಯರಿಗೆ ಅವಳು ಷರತ್ತು ಹಾಕ್ತಾಳೆ, ಅವರು ಕಮಂಡಲದಲ್ಲಿ ಬಿಟ್ಟು ಹೋಗ್ತಾರೆ, ಷರತ್ತು ಮುರೀತು, ಅವಳು ನದಿ ಆಗಿ ಹರಿದ್ಲು. ಷರತ್ತು, ಉಲ್ಲಂಘನೆ, ಪರಿಣಾಮ, ನಮ್ಮ ಹುಡುಗನ ಶೀಟಲ್ಲಿ ಒಂದು ಸಾಲು. ಆದ್ರೆ ಆಮೇಲೆ ಬಲಮುರಿಲಿ ಹೆಂಗಸ್ರು ಹೋಗ್ಬೇಡ ತಾಯಿ ಅಂತ ಅಡ್ಡ ನಿಂತಾಗ ನೀರಿನ ರಭಸಕ್ಕೆ ಅವರ ಸೀರೆ ನೆರಿಗೆ ಹಿಂದಕ್ಕೆ ತಿರುಗ್ತು ಅಂತಾರಲ್ಲ, ಅದು ಬೇರೇನೇ. ಅಲ್ಲಿ ನದಿ ಶಕ್ತಿ ಎಷ್ಟು, ಶಾಪ ಯಾರ್ದು ಅನ್ನೋ ಲೆಕ್ಕ ಇಲ್ಲ, ನೆರಿಗೆ ಮಾತ್ರ ಇದೆ, ಅದು ಇವತ್ತಿಗೂ ಯಾವ ಮದುವೆ ಮನೆಗೆ ಹೋದ್ರೂ ಕೊಡವ ಹೆಂಗಸ್ರ ಬೆನ್ನ ಹಿಂದೆನೇ ಇದೆ. ಪುರಾಣ ಆಕಾಶದಲ್ಲಿ ಶುರು ಆಗಿ ಸೀರೆ ಉಡೋ ಕ್ರಮಕ್ಕೆ ಬಂದು ನಿಂತಿತು.

ಈಗ ನನ್ನ ಕಥೆ ವಿಷ್ಯಕ್ಕೆ ಬರ್ತೀನಿ, ಎಷ್ಟು ಹೊತ್ತು ತಪ್ಪಿಸ್ಕೊಳ್ಳೋದು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ, ಕಾಲೂರು ಕಡೆ ಗುಡ್ಡ ಜಾರಿದ್ದು ನಿಮಗೆ ಟಿವಿ ನೋಡಿ ಗೊತ್ತಿರುತ್ತೆ. ನಮ್ಮ ಚಿಕ್ಕಪ್ಪನ ಮೂರು ಎಕರೆ ರೋಬಸ್ಟಾ ಕಾಫಿ ತೋಟ ಆಗ ಹೋಯ್ತು. ಹೋಯ್ತು ಅಂದ್ರೆ ಹಾಳಾಯ್ತು ಅಂತಲ್ಲ, ಜಾಗವೇ ಹೋಯ್ತು, ಗಿಡ ಸಿಲ್ವರ್ ಮರ ಮೆಣಸಿನ ಬಳ್ಳಿ ಪಂಪ್‌ಶೆಡ್ ಸಮೇತ ಕೆಳಗಿನ ಹೊಳೆಗೆ. ಈಗ ಅಲ್ಲಿ ನಿಂತ್ರೆ ಗಾಳಿ. ಆದ್ರೆ ಪಹಣಿ ತೆಗ್ಸಿದ್ರೆ ಮೂರು ಎಕರೆ ಇದೆ, ಬೆಳೆ ಕಾಫಿ ಅಂತ ಇದೆ, ಚಿಕ್ಕಪ್ಪ ಇವತ್ತಿಗೂ ಕಂದಾಯ ಕಟ್ತಾರೆ, ಕಟ್ಟದೇ ಇದ್ರೆ ಇದ್ದದ್ದೂ ಇಲ್ಲ ಅಂತಾರೆ ಅನ್ನೋ ಭಯ.

ಇಷ್ಟು ಕೈಯಲ್ಲಿದ್ರೂ ನಾನು ಏನು ಬರ್ದೆ ಗೊತ್ತಾ? ಹೂ ಮಳೆ ಬಿದ್ದು ವಾರ ಹತ್ತು ದಿನಕ್ಕೆ ಕಾಫಿ ಹೂ ಬಿಡುತ್ತಲ್ಲ, ರಾತ್ರಿ ಬೆಳಗಾಗೋದ್ರೊಳಗೆ ತೋಟ ಪೂರಾ ಬೆಳ್ಳಗೆ, ಮಲ್ಲಿಗೆ ಥರ ವಾಸನೆ, ಎರಡು ಮೂರು ದಿನ ಅಷ್ಟೇ. ಜಾರಿ ಹೋದ ತೋಟ ಪ್ರತಿ ವರ್ಷ ಆ ಎರಡು ಮೂರು ದಿನ ವಾಪಸ್ ಬರುತ್ತೆ ಅಂತ ಕಥೆ. ಇಲ್ಲಿ ತನಕ ಸರಿ ಇತ್ತು. ಆದ್ರೆ ನಂಗೆ ಧೈರ್ಯ ಸಾಲ್ಲಿಲ್ಲ, ಓದೋರು ಯಾಕೆ ಅಂತ ಕೇಳಿದ್ರೆ ಅಂತ ಹೆದರಿ, ಮುತ್ತಜ್ಜ ದೇವರಕಾಡಿನ ಸಂಪಿಗೆ ಮರ ಕಡ್ದಿದ್ದ, ಕಾಡಿನ ದೇವಿ ಶಾಪ ಕೊಟ್ಲು, ಮೊಮ್ಮಗ ತಪ್ಪೊಪ್ಪಿಕೊಂಡಿದ್ದಕ್ಕೆ ವರ್ಷಕ್ಕೆ ಮೂರು ದಿನ ತೋಟ ವಾಪಸ್ ಕೊಟ್ಲು ಅಂತ ಎರಡು ಪುಟ ಸೇರಿಸ್ದೆ. ಹುಡುಗ ಆ ಎರಡು ಪುಟ ಹಿಡ್ಕೊಂಡೇ ಫ್ಯಾಂಟಸಿ ಅಂದಿದ್ದು. "ರೂಲ್ ಚೆನ್ನಾಗಿದೆ ಮಾವ, ಮರ ಕಡಿದ್ರೆ ಪೆನಾಲ್ಟಿ, ಸಾರಿ ಅಂದ್ರೆ ಡಿಸ್ಕೌಂಟ್" ಅಂದ.

ಸರಿಯಾಗೇ ಹೇಳ್ದ. ಆದ್ರೆ ನಂಗೆ ಆ ರಾತ್ರಿ ನಿದ್ದೆ ಕೆಡಿಸಿದ್ದು ಫ್ಯಾಂಟಸಿ ಅನ್ನೋ ಹೆಸರಲ್ಲ. ಆ ಶಾಪದ ಕಾರಣದಿಂದ ನಾನು ಚಿಕ್ಕಪ್ಪನ ತಲೆ ಮೇಲೆ ತಪ್ಪು ಹೊರಿಸಿದ್ದೆ. 2018ರಲ್ಲಿ ಗಂಜಿ ಕೇಂದ್ರದಲ್ಲಿ ಕೂತಿದ್ದಾಗ ಇದೇ ಮಾತು ಎಷ್ಟು ಸಲ ಕೇಳಿದೀವಿ, ಏನೋ ದೋಷ ಇರ್ಬೇಕು, ಯಾವ್ದೋ ತಪ್ಪು ಮಾಡಿರ್ಬೇಕು ಅಂತ. ಮಣ್ಣು ದಿನಗಟ್ಟಲೆ ನೀರು ಕುಡ್ದು ಭಾರ ಆಗಿ ಜಾರಿತು, ಗುಡ್ಡ ಕಡ್ದು ರಸ್ತೆ ಮನೆ ಮಾಡಿದ್ದೂ ಜೊತೆಗೆ ಸೇರ್ತು, ಅದರಲ್ಲಿ ಈ ಮೂರು ಎಕರೆ ಮನುಷ್ಯನ ಪಾಪ ಎಷ್ಟು? ಮಂತ್ರಕ್ಕೆ ಕಾರಣ ಕೊಟ್ಟ ತಕ್ಷಣ ಅದು ನ್ಯಾಯ ತೀರ್ಮಾನ ಮಾಡೋಕೆ ಶುರು ಮಾಡುತ್ತೆ. ಫ್ಯಾಂಟಸಿಲಿ ಅದು ಒಪ್ಪುತ್ತೆ, ಅಲ್ಲಿ ಲೋಕನೇ ಆ ತಕ್ಕಡಿ ಮೇಲೆ ಕಟ್ಟಿರ್ತಾರೆ. ನನ್ನ ಕಥೇಲಿ ಅದು ಕ್ರೌರ್ಯ ಆಗಿತ್ತು.

ಮಾರ್ಕ್ವೆಜ್ ಇದನ್ನ ಎಷ್ಟು ಚೆನ್ನಾಗಿ ತಿಳ್ಕೊಂಡಿದ್ದ ನೋಡಿ. ಆ ಕಾದಂಬರಿಲಿ ಹುಡುಗಿ ಹಾರಿದ್ದನ್ನ ಹೆಚ್ಚಿನೋರು ಒಪ್ತಾರೆ. ಯಾರೂ ಒಪ್ಪದೇ ಇರೋದು ಯಾವ್ದು ಅಂದ್ರೆ ಬಾಳೆ ತೋಟದ ಕೂಲಿಗಳ ಮೇಲೆ ಸೈನ್ಯ ಗುಂಡು ಹಾರಿಸಿ ಹೆಣಗಳನ್ನ ರೈಲಲ್ಲಿ ತುಂಬಿ ಸಮುದ್ರಕ್ಕೆ ಹಾಕಿದ್ದು. ಬದುಕಿ ಬಂದೋನು ಮೂರು ಸಾವಿರ ಜನ ಸತ್ರು ಅಂತ ಬಾಯಿ ಬಡ್ಕೊಂಡ್ರೂ ಊರೋರು ಇಲ್ಲಿ ಏನೂ ಆಗಿಲ್ಲ ಅಂತಾರೆ. ಅದು ಕೊಲಂಬಿಯಾದ ಸಿಯೆನಗಾ ಊರಲ್ಲಿ 1928ರ ಡಿಸೆಂಬರಲ್ಲಿ ನಡೆದ ಗೋಲಿಬಾರಿನ ಮೇಲೆ ಬರ್ದಿದ್ದು. ಆಮೇಲೇ ಆ ಹತ್ರ ಹತ್ರ ಐದು ವರ್ಷದ ಮಳೆ. ನಂಬೋಕೆ ಆಗದ್ದನ್ನ ಸಲೀಸಾಗಿ ನಂಬಿ, ಕಣ್ಣೆದುರಿಗೆ ನಡೆದಿದ್ದನ್ನ ನಂಬದ ಊರು. ಪಹಣಿಲಿ ಇರೋ, ನೆಲದಲ್ಲಿ ಇಲ್ದಿರೋ ಮೂರು ಎಕರೆ ನಂಗೆ ಅದೇ ಥರ ಕಾಣುತ್ತೆ.

ಕಥೆ ಮತ್ತೆ ಬರ್ದೆ. ಶಾಪ, ದೇವಿ, ಮುತ್ತಜ್ಜ ಎಲ್ಲ ಹೊಡ್ದು ಹಾಕ್ದೆ. ಈಗ ಅದು ಪೂರಾ ಚೆಕ್‌ರೋಲ್ ಥರ ಇದೆ. ತೋಟ ಬೆಳಿಗ್ಗೆ ವಾಪಸ್ ಬಂತು, ಹೂ ಚೆನ್ನಾಗಿದೆ. ಆಳು 6, ಇಬ್ರು ಹೊಸಬ್ರು. ಮಧ್ಯಾಹ್ನ ಆಳುಗಳು ಕೇಳ್ತಾರೆ, ನಾಡಿದ್ದು ತೋಟ ಹೋದ್ರೆ ಆವತ್ತಿನ ಅರ್ಧ ದಿನದ ಸಂಬಳ ಕೊಡ್ತೀರಾ ಅಂತ. ಕಥೆ ಪೂರಾ ಆ ಅರ್ಧ ದಿನದ ಜಗಳ. ಹುಡುಗ ಓದಿ ಏನೂ ಹೇಳ್ಲಿಲ್ಲ, ಆಮೇಲೆ "ಕೊಟ್ರಾ ಇಲ್ವಾ?" ಅಂತ ಕೇಳ್ದ.

ಒಂದು ಅನುಮಾನ ಮಾತ್ರ ಇನ್ನೂ ನಂಗೆ ಉಳ್ಕೊಂಡಿದೆ. ನಂಬೋರಿಗೆ ಇದರಲ್ಲಿ ಮ್ಯಾಜಿಕ್ ಎಲ್ಲಿದೆ? ನಮ್ಮ ಕೊಡಗಿನ ದೇವರಪುರದ ಕುಂಡೆ ಹಬ್ಬದಲ್ಲಿ ಕಾಡಿನ ಕುರುಬ ಆದಿವಾಸಿ ಜನ ದೇವರಿಗೆ ಬಾಯಿಗೆ ಬಂದ ಹಾಗೆ ಬೈತಾರಲ್ಲ, ಬೇಟೆಗೆ ಅಂತ ಕರ್ಕೊಂಡು ಹೋಗಿ ಅಯ್ಯಪ್ಪ ಭದ್ರಕಾಳಿ ಹಿಂದೆ ಹೋಗ್ಬಿಟ್ಟ, ನಮ್ಮನ್ನ ಕಾಡಲ್ಲಿ ನಡುನೀರಲ್ಲಿ ಬಿಟ್ಟ ಅಂತ, ಆ ಸಿಟ್ಟು ಮುಂಗಡ ತಗೊಂಡು ಓಡಿಹೋದ ಮೇಸ್ತ್ರಿ ಮೇಲಿನ ಸಿಟ್ಟಿನ ಹಾಗೇ ಇದೆ. ಅವರಿಗೆ ಅದು ಪರಿಚಯದೋನ ಜೊತೆ ಜಗಳ. ಮ್ಯಾಜಿಕಲ್ ಅನ್ನೋ ಪದ ರಸ್ತೆಲಿ ನಿಂತು ಕಾರಿನ ಗ್ಲಾಸ್ ಇಳಿಸಿ ನೋಡೋನದ್ದು. ಕನ್ನಡದಲ್ಲಿ ಗಿರೀಶ ಕಾರ್ನಾಡರ ನಾಗಮಂಡಲದಲ್ಲಿ ರಾತ್ರಿ ಮನೆ ಮನೆ ದೀಪದ ಕುಡಿಗಳು ಪಾಳು ಗುಡಿಗೆ ಬಂದು ಹರಟೆ ಹೊಡೀತಾವಲ್ಲ, ಅದು ಕೊಲಂಬಿಯಾದಿಂದ ಬಂದಿದ್ದಲ್ಲ, ಎ.ಕೆ. ರಾಮಾನುಜನ್ ಹೇಳಿದ ನಮ್ಮದೇ ಜನಪದ ಕಥೆಯಿಂದ ಬಂದಿದ್ದು. ದೀಪ ಆರಿಸಿದ್ಮೇಲೆ ಕುಡಿ ಎಲ್ಲಿಗೆ ಹೋಗುತ್ತೆ ಅಂತ ಯೋಚನೆ ಮಾಡಿದ ಯಾವ್ದೋ ಅಜ್ಜಿಗೆ ತಾನು ಯಾವ ಇಸಂ ಅಂತ ಗೊತ್ತಿರ್ಲಿಲ್ಲ.

ಹುಡುಗ ಹೊರಡೋ ಹಿಂದಿನ ರಾತ್ರಿ, ಅಕ್ಕಿ ರೊಟ್ಟಿ ಬಡಿಸ್ತಾ ಅಮ್ಮ ಹೇಳಿದ್ರು, "ನಿನ್ನೆ ಬೆಳಗಿನ ಜಾವ ನಿಮ್ಮಪ್ಪ ಬಂದಿದ್ರು. ಹಲಸಿನ ಮರದ ಹತ್ರ ಚರಂಡಿ ಕಟ್ಟಿದೆ, ನೀರು ಮೆಣಸಿನ ಬುಡಕ್ಕೆ ನಿಲ್ತಾ ಉಂಟು, ಅವನಿಗೆ ಹೇಳು ಅಂತ ಹೇಳಿ ಹೋದ್ರು." ಅಪ್ಪ ತೀರ್ಕೊಂಡು ಒಂಬತ್ತು ವರ್ಷ. ಹುಡುಗ ರೊಟ್ಟಿ ಕೈಯಲ್ಲೇ ಹಿಡ್ಕೊಂಡು "ಅಜ್ಜಿ, ಕನಸಾ?" ಅಂದ. "ಗೊತ್ತಿಲ್ಲ ಮಗ, ಕಾಫಿ ಕುಡೀರಿ ಅಂದೆ, ಬೇಡ ಅಂದ್ರು" ಅಂದ್ರು ಅಮ್ಮ.

ಬೆಳಿಗ್ಗೆ ಪ್ಲಾಸ್ಟಿಕ್ ಕೊಪ್ಪೆ ಹಾಕ್ಕೊಂಡು ಗುದ್ದಲಿ ತಗೊಂಡು ಇಬ್ರೂ ಹೋದ್ವಿ. ಹಲಸಿನ ಮರದ ಹತ್ರ ಚರಂಡಿ ಸರಿಯಾಗೇ ಇತ್ತು, ನೀರು ಸಲೀಸಾಗಿ ಹರೀತಾ ಇತ್ತು. ಹುಡುಗ ನನ್ನ ಮುಖ ನೋಡ್ದ. ಜಿಗಣೆ ಕಿತ್ತು ಬಿಸಾಕ್ತಾ ಆಚೆ ಕಡೆ ಹೋಗಿ ನೋಡಿದ್ರೆ ಬಲಗಡೆ ಕಿತ್ತಳೆ ಗಿಡದ ಹತ್ರ ಇರೋ ಚರಂಡಿ ಸಿಲ್ವರ್ ಎಲೆ ತುಂಬಿ ಪೂರಾ ಕಟ್ಟಿತ್ತು, ಮೆಣಸಿನ ಎರಡು ಬಳ್ಳಿ ಬುಡದಲ್ಲಿ ಮೊಣಕಾಲುದ್ದ ನೀರು. ಕಕ್ಕಡದಲ್ಲಿ ಯಾವ ಚರಂಡಿ ಕಟ್ಟಲ್ಲ ಹೇಳಿ. ಬಿಡಿಸಿ ವಾಪಸ್ ಬಂದು ಅಮ್ಮಂಗೆ ಹೇಳಿದ್ವಿ, ಹಲಸಿನ ಹತ್ರ ಅಲ್ಲ, ಕಿತ್ತಳೆ ಹತ್ರ ಕಟ್ಟಿದ್ದು ಅಂತ.

ಅಮ್ಮ ಒಲೆ ಊದ್ತಾ ಇದ್ರು. "ಅವರಿಗೆ ಮೊದಲಿಂದಲೂ ಎಡ ಬಲ ಗೊತ್ತಾಗಲ್ಲ" ಅಂದ್ರು.